ಅಪ್ಪ ಬೀಳುವ ಆಟ

ಬಲ್ಬು ಹೊತ್ತಿಸಿ ಎರಡೂ ಅಂಗೈ ಸೊಂಟದಿಂದ ಮುಂದಕ್ಕೆ ತಳ್ಳುವ ಹೊತ್ತಿಗೆ ಎದುರಿಗೆ ಬಂದು ನಿಂತವರು ನಮ್ಮ ಅಪ್ಪ. ನನ್ನ ತಲೆಯ ಮೇಲೆ ಮುಳ್ಳುಮುಳ್ಳಾದ ಹಳದಿ ವಿಗ್ಗು, ಮೈಮೇಲೆ ಕಿತ್ತಳೆ ಬಣ್ಣದ ಪೈಜಾಮ. ಕೈ ಅಲ್ಲೇ ನಿಂತಿತು.

ಕೂಕಟ್‌ಪಲ್ಲಿಯ ಒಂದು ಆಟಿಕೆ ಅಂಗಡಿಯ ಬಾಗಿಲಲ್ಲಿ ನಿಲ್ಲುವುದು ಆಗ ನನ್ನ ಕೆಲಸ. ಟೀವಿಯಲ್ಲಿ ಜಪಾನಿನ ಹೊಡೆದಾಟದ ಕಾರ್ಟೂನು ಬರುತ್ತಿತ್ತು. ಅದರ ಹೀರೋ ಅಂಗೈಗಳ ನಡುವೆ ಬೆಳಕಿನ ಉಂಡೆ ಕಟ್ಟಿ, ಅದರ ಹೆಸರನ್ನು ಎಳೆದೆಳೆದು ಕೂಗಿ ಬಿಡುತ್ತಿದ್ದ. ಎದುರಿನವನು ಗುಡ್ಡದ ಸಮೇತ ಹಾರಿಹೋಗುತ್ತಿದ್ದ. ನನ್ನ ಉಂಡೆ ನೀಲಿ ಪ್ಲಾಸ್ಟಿಕ್ಕಿನದು. ಒಳಗೆ ಬಲ್ಬು, ತೋಳಿನೊಳಗೆ ವೈರು, ಹೆಬ್ಬೆರಳ ಕೆಳಗೆ ಸ್ವಿಚ್ಚು.

ಮಾಲೀಕ ಒಂದೇ ಪಾಠ ಹೇಳಿದ್ದ. "ಬಚ್ಚೋಂ ಪೇ ನಕ್ಕೋ ಛೋಡ್, ಉನ್ಕೇ ಬಾಪ್ ಪೇ ಛೋಡ್." ಮಕ್ಕಳ ಮೇಲಲ್ಲ, ಅವರ ಅಪ್ಪನ ಮೇಲೆ ಬಿಡಬೇಕು. ಅಪ್ಪ ಬಿದ್ದರೆ ಮಗು ನಗುತ್ತದೆ, ನಕ್ಕರೆ ಸಾಮಾನು ಮಾರಿಹೋಗುತ್ತದೆ. ನಿಜ. ಎಂಥೆಂಥ ಅಪ್ಪಂದಿರು ಬಿದ್ದರು. ಟೈ ಕಟ್ಟಿದವರು, ಹೊಟ್ಟೆ ಬಂದವರು, ತರಕಾರಿ ಚೀಲ ಹಿಡಿದವರು, ಎಲ್ಲರೂ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿಯುತ್ತಿದ್ದರು. ನಮ್ಮಪ್ಪ ಆ ಕಾರ್ಟೂನು ಶುರುವಾದರೆ ಟೀವಿ ಆರಿಸುತ್ತಿದ್ದರು. ನಾನು ಹತ್ತನೇ ಕ್ಲಾಸು ಫೇಲಾದ ಮೇಲೆ ನನ್ನ ಜೊತೆ ಮಾತೂ ಕಡಿಮೆ ಮಾಡಿದರು.

ಆ ದಿನ ಅಕ್ಕನನ್ನು ನೋಡಲು ಲಿಂಗಂಪಲ್ಲಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ನಮ್ಮ ಹಾಗೇ ಗುಲ್ಬರ್ಗಾ ಕಡೆಯಿಂದ ಬಂದವರು. ಬೆಳಿಗ್ಗೆ ಅಪ್ಪ ಹೇಳಿದ್ದರು, "ನೀ ಮನ್ಯಾಗ ಇರಬ್ಯಾಡ. ಶಂಶಾಬಾದ್ ಏರ್‌ಪೋರ್ಟ್‌ನಾಗ ಕೆಲಸಕ್ಕಿದ್ದಾನ ಅಂತ ಅವರಿಗೆ ಹೇಳೀನಿ." ನಾನು ಯಾವ ಅಂಗಡಿಯಲ್ಲಿದ್ದೇನೆ ಅಂತ ಅವರು ಒಂದು ದಿನವೂ ಕೇಳಿರಲಿಲ್ಲ. ಕೇಳಿದ್ದರೆ ಗಂಡಿನ ಕಡೆಯವರನ್ನು ಬಸ್ ಹತ್ತಿಸಲು ಈ ಬೀದಿಯಲ್ಲಿ ಕರೆತರುತ್ತಿರಲಿಲ್ಲ.

ಗಂಡಿನ ತಾಯಿಯ ಮೊಮ್ಮಗ ನನ್ನನ್ನು ನೋಡಿ ಎಲ್ಲರನ್ನೂ ಎಳೆದು ತಂದಿದ್ದ.

"ಇವಂಗ ಆ ಕಾರ್ಟೂನಿಂದು ಭಾಳ ಹುಚ್ಚು ನೋಡ್ರಿ," ಅಂದರು ಆ ತಾಯಿ.

ಹುಡುಗ ಅಪ್ಪನ ಅಂಗಿ ಜಗ್ಗಿದ. "ಅಜ್ಜಾ, ಇಂವ ಬಿಟ್ಟಕೂಡ್ಲೆ ನೀವು ಬೀಳಬೇಕ್ರಿ."

ಅಪ್ಪನಿಗೆ ನನ್ನ ಗುರುತು ಸಿಕ್ಕಿತು. ನನಗೆ ಗೊತ್ತು. ಮುಖ ನೋಡಿದ ಕಣ್ಣು ತಕ್ಷಣ ವಿಗ್ಗಿಗೆ ಹಾರಿತು.

ನಾವು ಮನೆಯವರು ಬೀದಿಯಲ್ಲಿದ್ದರೂ ನಮ್ಮ ನಮ್ಮಲ್ಲಿ ಕನ್ನಡವನ್ನೇ ಆಡುವುದು. ತೆಲುಗು ಹೊರಗಿನವರಿಗೆ. ಅಪ್ಪ ನನಗೆ ತೆಲುಗಿನಲ್ಲಿ ಹೇಳಿದರು, "ಕಾನಿವ್ವು ಬಾಬೂ, ಪಿಲ್ಲೋಡು ಚೂಸ್ತುನ್ನಾಡು." ಬೇಗ ಆಗಲಿ, ಹುಡುಗ ನೋಡುತ್ತಿದ್ದಾನೆ ಅಂತ.

ನಾನು ಅಪ್ಪಾ ಅಂದಿದ್ದರೆ ಅಕ್ಕನ ಸಂಬಂಧ ಅಲ್ಲೇ ಮುರಿಯುತ್ತಿತ್ತು. ಅನ್ನಲಿಲ್ಲ. ಆ ಕಾರ್ಟೂನಿನವನ ಕೂಗನ್ನೇ ಗಂಟಲು ಹರಿಯುವಂತೆ ಕೂಗಿ ಬಿಟ್ಟೆ.

ಅಪ್ಪ ಬಿದ್ದರು. ಸುಮ್ಮನೆ ಕೂತದ್ದಲ್ಲ. ಎದೆ ಹಿಡಿದು, ಗಿರ್ರನೆ ಸುತ್ತಿ, ಮೆಟ್ಟಿಲ ಮೇಲೆ ಅಂಗಾತ ಬಿದ್ದು ನಾಲಿಗೆ ಹೊರಗೆ ಹಾಕಿದರು. ಅಷ್ಟು ಚೆನ್ನಾಗಿ ಯಾವ ಅಪ್ಪನೂ ಬಿದ್ದಿರಲಿಲ್ಲ. ಹುಡುಗ ಕುಣಿದಾಡಿಬಿಟ್ಟ.

"ನಿಮ್ಮ ಮಗಾ ಪುಣ್ಯವಂತ ಬಿಡ್ರಿ, ಇಂಥಾ ಅಪ್ಪ ಯಾರಿಗೆ ಸಿಗ್ತಾನ," ಅಂದರು ಗಂಡಿನ ತಾಯಿ. "ಇವತ್ತ ಬಂದಿದ್ರ ನೋಡ್ತಿದ್ದ."

ಅಪ್ಪ ಪ್ಯಾಂಟಿನ ಧೂಳು ಕೊಡವಿದರು. "ಎಲ್ಲಿ ಬರ್ತಾನ್ರಿ. ಏರ್‌ಪೋರ್ಟ್ ನೌಕರಿ, ರಜಾನೇ ಸಿಗೂದಿಲ್ಲ."

ಹೊರಟರು. ತಿರುಗಿ ನೋಡಿದವನು ಆ ಹುಡುಗ ಒಬ್ಬನೇ.

ಸಂಜೆ ಮನೆಗೆ ಹೋದಾಗ ಸಂಬಂಧ ಗಟ್ಟಿಯಾಗಿತ್ತು. ಅವ್ವ ನನ್ನ ಬಾಯಿಗೆ ಸಕ್ಕರೆ ಹಾಕಿದಳು. ಅಪ್ಪ ಖುರ್ಚಿಯಲ್ಲಿ ಕೂತು ಸೊಂಟ ಒತ್ತಿಕೊಳ್ಳುತ್ತಿದ್ದರು.

"ಅಪ್ಪಾ, ಬಿದ್ದಾಗ ಪೆಟ್ಟು ಭಾಳ ಆತೇನ್ರಿ?" ಅಂದೆ.

"ಅಯ್ಯ, ಯಾವಾಗ ಬಿದ್ರಿ?" ಅವ್ವ ಗಾಬರಿಯಾದಳು.

ಅಪ್ಪ ಅವಳಿಗೆ ಹೇಳಿದರು, ನನಗಲ್ಲ. "ನಾ ಎಲ್ಲಿ ಬಿದ್ದೀನಿ? ಇಂವ ಬ್ಯಾರೆ ಯಾರನ್ನೋ ನೋಡಿರಬೇಕು."

ಇಷ್ಟೇ. ಇನ್ನು ಹೇಳುವುದಕ್ಕೆ ನನ್ನಲ್ಲಿ ಏನೂ ಇಲ್ಲ.