ಅತ್ತೆಯ ಸ್ಪಾನಿಷ್ ಆರ್ಡರು

ಪಕ್ಕದ ಮನೆಯ ಕಾಲೇಜು ಹುಡುಗಿ ಫೋನಿಟ್ಟುಕೊಂಡು ಸ್ಪಾನಿಷ್ ಕಲಿಯುತ್ತಿದ್ದಾಳೆ. ಇವತ್ತು ಬೆಳಗ್ಗೆ ಕಾಂಪೌಂಡಿನಾಚೆ ಫೋನು ‘ಬೇಬೆ!’ ಎಂದು ಗದರಿತು. ಅವಳೂ ‘ಬೇಬೆ’ ಎಂದಳು. ಹುರುಳೀಕಾಯಿ ನಾರು ತೆಗೆಯುತ್ತಿದ್ದ ನನಗೆ ನಗು ತಡೆಯಲಾಗಲಿಲ್ಲ. ಕುಡಿ ಅಂತ ಅರ್ಥ. ನಿಮಗೆ ಗೊತ್ತಿರಲಿಕ್ಕಿಲ್ಲ, ನನಗೆ ಗೊತ್ತು. ಕಾನ್ವೆಂಟಿನವಳೆಂಬ ಜಂಬ ಈ ವಯಸ್ಸಿನಲ್ಲೂ ಇಳಿದಿಲ್ಲ ನೋಡಿ.

ಬೆಂಗಳೂರಿನ ನಮ್ಮ ಕಾನ್ವೆಂಟಿನಲ್ಲಿ ಸ್ಪೇನಿನಿಂದ ಬಂದಿದ್ದ ಸಿಸ್ಟರ್ ಒಬ್ಬರಿದ್ದರು. ಕಸೂತಿ ಕ್ಲಾಸಿನಲ್ಲಿ ಸೂಜಿಯ ಜೊತೆ ಭಾಷೆಯನ್ನೂ ಚುಚ್ಚುತ್ತಿದ್ದರು. ಆರ್ಡರ್ ಮಾಡುವುದು ವೆರಿ ಈಸಿ, ಗರ್ಲ್ಸ್, ಎನ್ನುವರು. ಕ್ರಿಯಾಪದದ ಬಾಲದಲ್ಲಿ ‘ಆರ್’ ಇದ್ದರೆ ಕತ್ತರಿಸಿ ‘ಆ’ ಹೊಲಿಯಿರಿ: ಕಂತಾರ್, ಕಾಂತಾ, ಹಾಡು. ‘ಎರ್’, ‘ಇರ್’ ಇದ್ದರೆ ‘ಎ’ ಹೊಲಿಯಿರಿ: ಬೆಬೇರ್, ಬೇಬೆ, ಕುಡಿ; ಅಬ್ರೀರ್, ಆಬ್ರೆ, ತೆರೆ. ಇಷ್ಟು ವಿದ್ಯೆ ಹೊತ್ತು ಎಪ್ಪತ್ತನೇ ಇಸವಿಯ ಆಸುಪಾಸಿನಲ್ಲಿ ದೊಡ್ಡಬಳ್ಳಾಪುರಕ್ಕೆ ಸೊಸೆಯಾಗಿ ಬಂದೆ. ಆರ್ಡರ್ ಮಾಡಲು ಅಲ್ಲಿ ನನಗೆ ಸಿಕ್ಕಿದ್ದು ಬೆಕ್ಕು ಮಾತ್ರ. ಹಾಲಿಟ್ಟು ‘ಬೇಬೆ’ ಎನ್ನುತ್ತಿದ್ದೆ. ಅದು ಕುಡಿಯುತ್ತಿತ್ತು. ಹೇಳದಿದ್ದರೂ ಕುಡಿಯುತ್ತಿತ್ತು, ಆ ಮಾತು ಬೇರೆ.

ಮಾವ ರಿಟೈರ್ಡ್ ಹೆಡ್‌ಮಾಸ್ಟರು. ಸ್ಕೂಲು ಅವರನ್ನು ಬಿಟ್ಟಿತ್ತು, ಅವರು ಸ್ಕೂಲನ್ನು ಬಿಟ್ಟಿರಲಿಲ್ಲ. ‘ನೀರು ತಾ’, ‘ಕಿಟಕಿ ಹಾಕು’, ‘ಕೆಮ್ಮಬೇಡ’. ಅತ್ತೆಯೋ, ಗಂಡನ ಮುಖ ನೋಡಿ ಮಾತಾಡಿದವರೇ ಅಲ್ಲ. ನಡುಮನೆಯ ಕಂಬದ ಕಡೆ ತಿರುಗಿ, “ಸ್ನಾನಕ್ಕೆ ನೀರು ಕಾದದೆ” ಎನ್ನುವರು. ಮಾವ ಏಳುವರು. ಮನೆಯಲ್ಲಿ ಅತ್ತೆಯ ಕಷ್ಟಸುಖವೆಲ್ಲ ಗೊತ್ತಿದ್ದದ್ದು ಆ ಕಂಬಕ್ಕೆ.

ಹೀಗಿರುವಾಗ ಮಾವನಿಗೆ ಕಾಮಾಲೆಯಾಯಿತು. ಕಣ್ಣೆಲ್ಲ ಅರಿಶಿನ. ಉಪ್ಪಿಲ್ಲದ ಗಂಜಿ ಮುಂದಿಟ್ಟರೆ, “ಎಮ್ಮೆಗೆ ಹಾಕು” ಎಂದು ಗೋಡೆ ಕಡೆ ಹೊರಳುವರು. ಮೂರು ದಿನ ಹಾಗೇ ಕಳೆಯಿತು. ಡಾಕ್ಟರು ನನ್ನ ಗಂಡನನ್ನು ಜಗಲಿಗೆ ಕರೆದು, ಹೊಟ್ಟೆಗೇನೂ ಹೋಗದಿದ್ದರೆ ಉಳಿಯೋದು ಕಷ್ಟ ಎಂದರು. ಇವರು ಬೇಡಿಕೊಂಡು ಬೈಸಿಕೊಂಡರು. ಅತ್ತೆ ಕಂಬಕ್ಕೆ ಹೇಳಿದರು. ಕಂಬ ಕುಡಿಯಲಿಲ್ಲ, ಮಾವನೂ ಕುಡಿಯಲಿಲ್ಲ.

ಮಧ್ಯಾಹ್ನ ಅಡುಗೆಮನೆಯಲ್ಲಿ ಅತ್ತೆ ನನ್ನ ಸೆರಗು ಹಿಡಿದು ನಿಲ್ಲಿಸಿದರು.

“ಬೆಕ್ಕಿಗೆ ಹಾಲಿಡ್ವಾಗ ಅದೇನೋ ಅಂತೀಯಲ್ಲೇ?”

“ಬೇಬೆ, ಅತ್ತೆ. ಕುಡಿ ಅಂತ. ಆದ್ರೆ ಅದು ಏಕವಚನ. ದೊಡ್ಡೋರಿಗೆ ಮರ್ಯಾದೆ ಕೊಟ್ಟು ‘ಬೇಬಾ’ ಅನ್ಬೇಕು.”

ಅತ್ತೆ ಒಲೆ ನೋಡುತ್ತ ನಿಂತರು. “ಮರ್ಯಾದೆ ನಲವತ್ತು ವರ್ಷ ಕೊಟ್ಟಿದೀನಿ ಕಣೇ. ಬೆಕ್ಕಿಂದೇ ಸಾಕು.”

ಗಂಜಿಯ ಲೋಟ ಹಿಡಿದು ಮಾವನ ಮಂಚದ ಮುಂದೆ ಹೋಗಿ ನಿಂತರು.

“ಬೇಬೆ!”

ಮಾವ ತಿರುಗಿದರು. “ಏನು?”

“ಬೇಬೆ!”

“ಯಾವ ಭಾಷೇನೇ ಅದು?”

“ನಂದು.”

ಮಾವ ನನ್ನನ್ನು ನೋಡಿದರು, ಮಗನನ್ನು ನೋಡಿದರು, ಕೊನೆಗೆ ಸಹಾಯಕ್ಕೆ ಬಾ ಎಂಬಂತೆ ಕಂಬವನ್ನು ನೋಡಿದರು. ಆಮೇಲೆ ಲೋಟ ತೆಗೆದುಕೊಂಡು ಗಟಗಟ ಕುಡಿದರು. ತಿಂಗಳೊಳಗೆ ಎದ್ದು ಓಡಾಡಿದರು. ಅತ್ತೆ ಮತ್ತೆ ಕಂಬದ ಜೊತೆ ಮಾತಾಡಲಿಲ್ಲ.

ನನ್ನ ವಿಷಯ ಹೇಳಲು ನಾಚಿಕೆ. ಇಂಗ್ಲಿಷು, ಸ್ಪಾನಿಷು ಎರಡೂ ಕಲಿತವಳು ಐವತ್ತು ವರ್ಷದಿಂದ ಗಂಡನಿಗೆ ‘ರೀ, ಬನ್ರೀ, ತಗೊಳ್ರೀ’ ಎಂದೇ ಕಾಲ ತಳ್ಳಿದ್ದೇನೆ. ಇದನ್ನು ಬರೆಯುತ್ತಿರುವಾಗಲೂ ಒಳಗಿನಿಂದ ಅವರ ಕೂಗು ಬಂತು.

“ಲೇ, ನನ್ನ ಕನ್ನಡಕ ಎಲ್ಲಿ? ತಂದ್ಕೊಡು.”

ಏಳಹೋದವಳು ಕೂತೆ. “ಬುಸ್ಕಾ!”

“ಹಾಂ?”

“ಹುಡುಕ್ಕೋ ಅಂದೆ.”

ಒಳಗಿನಿಂದ ಒಂದೊಂದೇ ಡ್ರಾಯರು ಎಳೆಯುವ ಸದ್ದು.