ಸಮುದ್ರವಿಲ್ಲದ ತಾಲ್ಲೂಕಿನ ಮೀನುಗಾರ

ನಮ್ಮ ಪಕ್ಕದ ಮನೆಯ ಚಾಚಾನ ಅಂಗೈಗಳು ಬಲೆಯ ಹಗ್ಗ ಎಳೆದೆಳೆದು, ನೊಗ ಹೊತ್ತ ಎತ್ತಿನ ಹೆಗಲಿನಂತೆ ಜಡ್ಡುಗಟ್ಟಿದ್ದವು. ನಮ್ಮ ಬೀದಿಯಿಂದ ಸಮುದ್ರಕ್ಕೆ ಹೋದವರು ಅವರೊಬ್ಬರೇ. ಮೀನಿನ ಲಾರಿಯ ಕ್ಲೀನರಾಗಿ ಬಂದರಿಗೆ ಹೋದವರು ಅಲ್ಲೇ ಬೋಟು ಹತ್ತಿದ್ದರು. ರಜೆಗೆ ಬಂದಾಗ ಒಣಮೀನು ತಂದುಕೊಟ್ಟು, "ಉಪ್ಪು ಆಕ್ಬುಟ್ಟೀಯ ಅಕ್ಕ, ಅದ್ರಲ್ಲೇ ಅದೆ" ಎಂದು ನಮ್ಮವ್ವನಿಗೆ ಗೋಡೆಯಾಚೆಯಿಂದ ಕೂಗುತ್ತಿದ್ದರು. ತೊಣ್ಣೂರು ಕೆರೆಯಲ್ಲಿ ನನಗೆ ಈಜು ಕಲಿಸಿದ್ದೂ ಅವರೇ. "ನೀರ್ ಮ್ಯಾಲೆ ಸಿಟ್ ಮಾಡ್ಕಬ್ಯಾಡ ಕಣ್ಲಾ, ಅದೇ ನಿನ್ನ ಎತ್ತಿ ಇಡ್ಕತದೆ" ಎನ್ನುತ್ತಿದ್ದರು.

ಒಮ್ಮೆ ಅವರ ಬೋಟಿನ ಇಂಜಿನ್ ಕೆಟ್ಟು, ಗಾಳಿ ಅದನ್ನು ಸಮುದ್ರದ ಗಡಿಯಾಚೆ ತಳ್ಳಿತು. ಆಚೆ ದೇಶದವರು ಹಿಡಿದು ಮೂರು ವರ್ಷ ಜೈಲಿನಲ್ಲಿಟ್ಟರು. ಬಿಡುಗಡೆಯಾಗಿ ಬರುವಷ್ಟರಲ್ಲಿ ಚಾಚಿಯ ಗೋರಿಯ ಮೇಲೆ ಹುಲ್ಲು ಬೆಳೆದಿತ್ತು.

ಊರಲ್ಲೂ ನೆಮ್ಮದಿಯಿರಲಿಲ್ಲ. ಎಲ್ಲೇ ಏನೇ ಗಲಭೆಯಾಗಲಿ, ಪೊಲೀಸರು ಅವರನ್ನು ಠಾಣೆಗೆ ಕರೆಸಿ ಕೂರಿಸಿಕೊಂಡು "ಆ ದೇಶ್ದಲ್ಲಿ ಏನ್ ಮಾಡ್ತಿದ್ದೆ?" ಎಂದು ಕೇಳುತ್ತಿದ್ದರು. ತಾನು ಮೀನು ಹಿಡಿಯಲು ಹೋಗಿದ್ದವನೆಂದು ಸರ್ಕಾರಿ ಕಾಗದವೊಂದಿದ್ದರೆ ಸಾಕೆಂದು ಅವರು ಅರ್ಜಿ ಹಾಕಿದರು. ಅರ್ಜಿ ಬಂದದ್ದು ನಾನು ಗುಮಾಸ್ತನಾಗಿದ್ದ ಕಚೇರಿಗೆ. ವಿಚಾರಿಸಿ ವರದಿ ಬರೆಯಬೇಕಾದವನು ನಾನೇ.

"ನಮ್ ತಾಲ್ಲೂಕಲ್ಲಿ ಸಮುದ್ರ ಎಲ್ಲಯ್ಯ ಅದೆ? ಜೈಲಿಗೋಗಿ ಬಂದೋನು ಬೇರೆ. ಯಾಕ್ ಮೈಮೇಲ್ ಎಳ್ಕತೀಯ?" ಎಂದರು ಸಾಹೇಬರು.

ನಾನು ಹೆದರಿದೆ. 'ಅರ್ಜಿದಾರರು ಕರಾವಳಿಯ ನಿವಾಸಿಯಲ್ಲದ ಕಾರಣ ಮೀನುಗಾರರೆಂದು ದೃಢೀಕರಿಸಲು ಅವಕಾಶವಿಲ್ಲ' ಎಂದು ಬರೆದು ಸಹಿ ಮಾಡಿದೆ.

ಕಚೇರಿಯಿಂದ ಕೈಗೆ ಬಂದ ಆ ಕಾಗದವನ್ನು ಓದಿಸಿಕೊಳ್ಳಲು ಚಾಚಾ ನನ್ನ ಮನೆಗೇ ಬಂದರು. ಟೀವಿಯಲ್ಲಿ, ಸಮುದ್ರದ ಮೇಲಿನ ನಮ್ಮ ಹಕ್ಕು ಇನ್ನೂ ದೂರ ಚಾಚಬೇಕು, ತಳದಲ್ಲಿರುವ ಎಣ್ಣೆ, ಅನಿಲವೂ ನಮ್ಮದಾಗಬೇಕು ಎಂದು ಯಾರೋ ವಾದಿಸುತ್ತಿದ್ದರು. ನಾನು ಓದಿ ಮುಗಿಸಿದೆ. ಕೆಳಗಿನ ಸಹಿ ಯಾರದೆಂದು ಕೇಳಿದರು. ಹೇಳಿದೆ.

ಚಾಚಾ ಟೀವಿಯತ್ತ ಕೈ ತೋರಿದರು. "ಅಷ್ಟ್ ದೂರದ ನೀರು ನಮ್ದು ಅಂತಾವ್ರೆ. ಗೋಡೆ ಆಚೆ ಇರೋ ನಾನು ನಿಮ್ಮೋನು ಅಂತ ಬರ್ಯಕ್ಕೆ ನಿಂಗೆ ಆಗ್ನಿಲ್ವೇನ್ಲಾ?"

ಆಮೇಲೆ ಅವರು ನನ್ನೊಡನೆ ಮಾತಾಡಲಿಲ್ಲ. ಠಾಣೆಯಿಂದ ಕರೆ ಬಂದಾಗಲೆಲ್ಲ ಚಪ್ಪಲಿ ಮೆಟ್ಟಿಕೊಂಡು ಸುಮ್ಮನೆ ಹೋಗಿ ಬರುತ್ತಿದ್ದರು. ಹಾಗೆ ಹೋಗಿಬಂದ ಒಂದು ಮಧ್ಯಾಹ್ನ ಜಗಲಿಯ ಮೇಲೆ ಕೂತವರು ಮತ್ತೆ ಏಳಲಿಲ್ಲ.

ಮಾರನೆಯ ಬೆಳಿಗ್ಗೆ ಜನಾಜಾ ಹೊರಟಾಗ ನಾನೂ ಹೆಗಲು ಕೊಡಲು ಹೋದೆ. ಅವರ ಮಗ ನನ್ನ ಕೈಯನ್ನು ಮೆಲ್ಲಗೆ ಸರಿಸಿದ.

"ಬುಡಣ್ಣ. ನೀನು ಆಪೀಸಿಗೋಗು, ಒತ್ತಾಯ್ತದೆ."

ನಾನು ಹೋದೆ.