ಅಂಗ್ಯಾಗ ತುಂಬಿದ ಉಡಿ

ಐಗಳಿ ನಮ್ಮ ತವರಮನಿ. ಹೊಂಟಾಗ ಅಣ್ಣನ ಹೆಂಡ್ತಿ ವೈನಿ ಅಕ್ಕಿ, ಕೊಬ್ಬರಿ ಬಟ್ಟಲ ಹಾಕಿ ಉಡಿ ತುಂಬಿದ್ಲು. ಅದನ್ನ ಅರಿವ್ಯಾಗ ಗಂಟ ಕಟ್ಟಿ ತೊಡಿಮ್ಯಾಲ ಇಟ್ಕೊಂಡು ಬೆಳಗಾವಿ ಬಸ್ಸಿನ್ಯಾಗ ಕುಂತಿದ್ದೆ. ಅಥಣ್ಯಾಗ ಒಬ್ಬಾಕಿ ಹುಡುಗಿ ಚಡ್ಡಿಮ್ಯಾಲ ಬಂದು ಬಾಜೂಕ ಕುಂತ್ಲು. ಮೊಣಕಾಲ ತುಂಬ ಗಾಯದ ಹಕ್ಕಳಿ. ಮೊಬೈಲಿನ್ಯಾಗ ಹೆಣ್ಮಕ್ಕಳ ಏಷ್ಯಾ ಕಪ್ ಫುಟ್ಬಾಲ್ ನೋಡಾಕತ್ತಿದ್ಲು.

ನನ್ನ ಬಾಯಿ ಸುಮ್ನ ಇರ್ತೈತೇನು? "ಏನವ್ವಾ, ಆ ಕಾಲ ನೋಡಿ ಯಾರ ಮದುವಿ ಆಗ್ತಾರ?" ಅಂದೆ.

"ಈ ಕಪ್ ಆಡೂತನಕ ಮದುವೀನ ಇಲ್ರಿ ಕಾಕೂ. ಬೆಳಗಾವ್ಯಾಗ ಜಿಲ್ಲಾ ಟೀಮಿಗೆ ಆರಸ್ತಾರ, ಅಲ್ಲಿಗೇ ಹೊಂಟೇನ್ರಿ."

"ಅವ್ವ ಬರಲಿಲ್ಲೇನ?"

"ಮಾತ ಬಿಟ್ಟಾಳ್ರಿ. ಓಣ್ಯಾಗಿನ ಹೆಂಗಸರು ನನ್ನ ಚಡ್ಡಿ ನೋಡಿ ಏನೇನೋ ಅಂತಾರ. ಇವತ್ತ ಬಾಗಲಿಗೂ ಬರಲಿಲ್ಲ."

ಓಣ್ಯಾಗಿನ ಹೆಂಗಸರು ಅಂದ್ರ ನನ್ನಂಥಾವ್ರ. ತೊಡಿಮ್ಯಾಲಿನ ಗಂಟ ಬಿಚ್ಚಿದೆ.

ನಾ ಇಳಿಯೂ ಚಿಕ್ಕೋಡಿ ಸ್ಟ್ಯಾಂಡ್ ಬಂದಾಗ ಎದ್ದು, "ಉಡಿ ಹಿಡಿ" ಅಂದೆ.

"ಸೆರಗ ಎಲ್ಲೈತ್ರೀ ಕಾಕೂ!" ಅಂತ ನಕ್ಲು.

"ಅಂಗಿ ಐತೆಲ್ಲ, ಅದನ್ನ ಹಿಡಿ. ಮನಿ ಬಿಟ್ಟು ಹೊಂಟ ಮಗಳನ್ನ ಖಾಲಿ ಉಡೀಲೆ ಕಳಸ್ತಾರೇನ?"

ನಂಬರ್ ಬರದಿದ್ದ ಆಟದ ಅಂಗೀನ ಎರಡೂ ಕೈಲೆ ಮುಂದ ಹಿಡದ್ಲು. ವೈನಿ ಕೊಟ್ಟ ಅಕ್ಕಿ, ಕೊಬ್ಬರಿ ಎಲ್ಲಾ ಅದರಾಗ ಹಾಕಿದೆ. ನಗೂ ಹುಡುಗಿ ಕಣ್ಣಾಗ ನೀರ ತಂದ್ಲು.

"ಇಳೀರಿ ಯವ್ವಾ, ಬಸ್ಸೇನ್ ನಿಮ್ಮ ತವರಮನೀನ?" ಅಂತ ಕಂಡಕ್ಟರ್ ಒದರಿದ.

ಖಾಲಿ ಅರಿವಿ ಹಿಡ್ಕೊಂಡು ಮನಿಗೆ ಬಂದೆ. ನಮ್ಮ ತಂಗಿ ಮಗಳು ಏಷ್ಯಾ ಕಪ್ ಆಡಾಕಿ ಅದಾಳ ಅಂತ ಓಣಿಗೆಲ್ಲಾ ಹೇಳಿಟ್ಟೇನಿ. ಊರ ಸುದ್ದಿ ಎಲ್ಲಾ ಕೇಳಾಕಿ ನಾನು, ಆ ಬಸ್ಸಿನ ಹುಡುಗಿ ಹೆಸರ ಕೇಳೂದ ಮರತೇನಿ. ಅದನ್ನ ಮಾತ್ರ ಯಾರಿಗೂ ಹೇಳಿಲ್ಲ.